ಮೂತಿಗೆ ಓಡದೆ ಜಿಬ್ ಇಳಿಸಬಹುದಾ?

ಪ್ರಶ್ನೆ: ಸರ್, ನಾನು ಆನಂದಪುರದ ಕಡೆಯ ಅಡಿಕೆ ಬೆಳೆಗಾರ. ಗೋವಾದಿಂದ 16 ಅಡಿಯ ಹಳೇ ಹಾಯಿದೋಣಿ ತಂದಿದ್ದೇನೆ. ಶರಾವತಿ ಹಿನ್ನೀರಿನಲ್ಲಿ ಮಗಳ ಜೊತೆ ಓಡಿಸುತ್ತೇನೆ. ದೋಣಿಗೆ ಎರಡು ಹಾಯಿ. ಮುಂದಿನ ಜಿಬ್ ಹಾಯಿ, ಕಂಬದಿಂದ ಮೂತಿಗೆ ಬರುವ ತಂತಿಗೆ ಹಿತ್ತಾಳೆ ಕೊಕ್ಕೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಗಾಳಿ ಜೋರಾದಾಗ ಅದನ್ನು ಇಳಿಸೋಣ ಅಂತ ಹಗ್ಗ ಬಿಟ್ಟರೆ ಹಾಯಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮಗಳ ಕೈಗೆ ಚುಕ್ಕಾಣಿ ಕೊಟ್ಟು ನಾನು ಮೂತಿಯವರೆಗೆ ತೆವಳಿ ಹೋಗಿ ಎಳೆಯಬೇಕು. ಡೌನ್‌ಹಾಲ್ ಅಂತ, ಹಾಯಿಯನ್ನು ಕೆಳಗೆಳೆಯುವ ಹಗ್ಗ ಹಾಕಿಸಿ ಎಂದು ದೋಣಿ ಕೊಟ್ಟವರು ಹೇಳಿದ್ದರು. ಅದನ್ನು ನಾನೇ ಕಟ್ಟಿಕೊಳ್ಳಬಹುದಾ? ಸಾಮಾನು ಶಿವಮೊಗ್ಗದಲ್ಲಿ ಸಿಗುತ್ತದಾ?

ಉತ್ತರ: ಖಂಡಿತ ಕಟ್ಟಿಕೊಳ್ಳಬಹುದು. ಒಂದು ಹಗ್ಗ, ಒಂದು ರಾಟೆ, ಹಗ್ಗವನ್ನು ಬಿಗಿದು ಹಿಡಿಯುವ ಒಂದು ಕ್ಲೀಟ್ ಇದ್ದರೆ ಸಾಕು. ಒಂದು ಮಧ್ಯಾಹ್ನದ ಕೆಲಸ. ಆದರೆ ನೀವು ಕೇಳದ ಒಂದು ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನಿಮ್ಮ ಜಿಬ್ ಏರಿಸುವ ಹಗ್ಗ, ಅಂದರೆ ಹ್ಯಾಲ್ಯಾರ್ಡ್, ಎಲ್ಲಿ ಕಟ್ಟುತ್ತೀರಿ? ಹಳೇ ದೋಣಿಗಳಲ್ಲಿ ಅದು ಕಂಬದ ಮೇಲೇ ಇರುತ್ತದೆ. ಅದನ್ನು ಬಿಚ್ಚಲು ಎದ್ದು ಕಂಬದ ಹತ್ತಿರ ಹೋಗಬೇಕು ಅಂದಮೇಲೆ ಡೌನ್‌ಹಾಲ್ ಹಾಕಿ ಏನು ಬಂತು? ಮೂತಿಗೆ ಹೋಗುವುದು ತಪ್ಪಿ ಕಂಬಕ್ಕೆ ಹೋದ ಹಾಗಾಯಿತು, ಅಷ್ಟೆ. ಆದ್ದರಿಂದ ಮೊದಲ ಕೆಲಸ ಹ್ಯಾಲ್ಯಾರ್ಡನ್ನು ಕೂತಲ್ಲಿಗೆ ತರುವುದು. ಕಂಬದ ಬುಡದಲ್ಲಿ ಒಂದು ರಾಟೆ ಹಾಕಿ ಹಗ್ಗವನ್ನು ಹಿಂದಕ್ಕೆ ತಿರುಗಿಸಿ. ತುದಿಗೆ ಎಂಟರ ಆಕಾರದ ಗಂಟು ಹಾಕಿ. ಇಲ್ಲದಿದ್ದರೆ ಒಂದು ದಿನ ಕೈತಪ್ಪಿ ತುದಿ ಕಂಬದ ಮೇಲಕ್ಕೆ ಹೋಗುತ್ತದೆ. ಆಮೇಲೆ ದೋಣಿಯನ್ನು ಮಲಗಿಸಿಯೇ ಅದನ್ನು ತೆಗೆಯಬೇಕು.

ಹಾಯಿ ಯಾಕೆ ಅರ್ಧಕ್ಕೆ ನಿಲ್ಲುತ್ತದೆ ಅಂತ ನಿಮಗೆ ಹೇಳುವುದು ಸುಲಭ. ಕೊನೆಗೌಡ ಮೇಲೆ ಕಡಿದು ಬಿಟ್ಟ ಅಡಿಕೆ ಕೊನೆ ನೇಣಿನ ಮೇಲೆ ಸರ್ರನೆ ಜಾರಿ ಬರುತ್ತದಲ್ಲ, ಹಾಯಿ ಹಾಗೆ ಬರುವುದಿಲ್ಲ. ಅಡಿಕೆ ಕೊನೆಗೆ ತನ್ನದೇ ಭಾರ ಇದೆ. ಹಾಯಿ ಬಟ್ಟೆಗೆ ಎಲ್ಲಿದೆ ಭಾರ? ಅದರ ಮೇಲೆ ಗಾಳಿ ಒತ್ತುತ್ತಿರುತ್ತದೆ. ಕೊಕ್ಕೆಗಳು ತಂತಿಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಹಾಯಿಯ ಮೇಲಿನ ಮೂಲೆಯನ್ನು ಕೆಳಗಿನಿಂದ ಯಾರಾದರೂ ಎಳೆಯಲೇಬೇಕು. ಆ ಎಳೆಯುವ ಹಗ್ಗವೇ ಡೌನ್‌ಹಾಲ್. ಹಾಯಿಯ ನೆತ್ತಿಯಿಂದ ಹೊರಟು, ತಂತಿಯ ಪಕ್ಕದಲ್ಲೇ ಇಳಿದು, ಮೂತಿಯ ರಾಟೆಯಲ್ಲಿ ತಿರುಗಿ, ಡೆಕ್ ಮೇಲೆ ಹಾದು ನಿಮ್ಮ ಕೈಗೆ ಬರುತ್ತದೆ.

ಇನ್ನೊಂದು ವಿಷಯ. 16 ಅಡಿ ದೋಣಿಯಲ್ಲಿ ದೊಡ್ಡವರು ಮೂತಿಗೆ ಹೋದರೆ ಮೂತಿ ಮುಳುಗುತ್ತದೆ, ಹಿಂಬದಿ ಮೇಲೇಳುತ್ತದೆ. ಚುಕ್ಕಾಣಿಯ ಹಲಗೆ ಅರ್ಧ ನೀರಿನಿಂದ ಹೊರಗೆ. ನಿಮ್ಮ ಮಗಳು ಎಷ್ಟೇ ಜಾಣೆಯಾದರೂ ಆಗ ದೋಣಿ ಅವಳ ಮಾತು ಕೇಳುವುದಿಲ್ಲ. ಸುಸ್ತು ತಪ್ಪಲಿ ಅಂತಲೋ, ಬಟ್ಟೆ ಒದ್ದೆಯಾಗದಿರಲಿ ಅಂತಲೋ ಡೌನ್‌ಹಾಲ್ ಹಾಕುವುದಲ್ಲ. ಇದಕ್ಕಾಗಿ ಹಾಕುವುದು.

ಈಗ ಹಗ್ಗ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಹಗ್ಗ ಕೊಡಿ ಅಂದರೆ ಮೊದಲು ಕೈಗೆ ಬರುವುದು ಹಳದಿಯದೋ ನೀಲಿಯದೋ ಪ್ಲಾಸ್ಟಿಕ್ ಹಗ್ಗ. ಬೇಡ. ಅದು ಹುರಿ ಹೊಸೆದ ಹಗ್ಗ. ಸಡಿಲ ಬಿಟ್ಟ ಕೂಡಲೇ ತಿರುಚಿಕೊಂಡು ಗಂಟಾಗುತ್ತದೆ. ಗಂಟು ಹೋಗಿ ಕೊಕ್ಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಬೇರೆ ಬೇಗ ಪುಡಿಯಾಗುತ್ತದೆ. ನಿಮಗೆ ಬೇಕಾದ್ದು ಜಡೆಯ ಹಾಗೆ ಹೆಣೆದ ಪಾಲಿಯೆಸ್ಟರ್ ಹಗ್ಗ. ದಪ್ಪ 5 ಮಿಲಿಮೀಟರ್, ಹೆಚ್ಚೆಂದರೆ 6. ಕೆಲಸಕ್ಕೆ 4 ಕೂಡ ಸಾಕು, ಆದರೆ ಒದ್ದೆ ಕೈಗೆ ಅದು ಕೊಯ್ಯುತ್ತದೆ. ಇಲ್ಲಿ ಹಗ್ಗದ ಮೇಲೆ ಭಾರ ಕಡಿಮೆ. ಎಷ್ಟು ಗಟ್ಟಿ ಅನ್ನುವುದಕ್ಕಿಂತ ಎಷ್ಟು ನುಣುಪಾಗಿ ಜಾರುತ್ತದೆ ಅನ್ನುವುದನ್ನು ನೋಡಿ. ಬಣ್ಣ ಮಾತ್ರ ಹ್ಯಾಲ್ಯಾರ್ಡಿನದು ಬೇಡ. ಎರಡೂ ಬಿಳಿಯಾಗಿದ್ದರೆ ಅವಸರದಲ್ಲಿ ಬಿಚ್ಚಬೇಕಾದ್ದನ್ನು ಎಳೆಯುತ್ತೀರಿ.

ಎಷ್ಟು ಉದ್ದ? ಹಾಯಿಯ ಮುಂದಿನ ಅಂಚನ್ನು ನೆತ್ತಿಯಿಂದ ಬುಡದವರೆಗೆ ಅಳೆಯಿರಿ. ಮೂತಿಯಿಂದ ನೀವು ಕೂರುವ ಜಾಗದ ಕ್ಲೀಟ್‌ವರೆಗೆ ಅಳೆದು ಅದಕ್ಕೆ ಸೇರಿಸಿ. ಹಿಡಿಯಲು ಒಂದು ಮೀಟರ್ ಜಾಸ್ತಿ ಇಡಿ. ಅಂಚು ನಾಲ್ಕೂವರೆ ಮೀಟರ್, ಡೆಕ್ ಮೇಲಿನ ದಾರಿ ಮೂರು ಮೀಟರ್ ಇದ್ದರೆ ಎಂಟೂವರೆ ಆಯಿತು. ಹತ್ತು ಮೀಟರ್ ತನ್ನಿ. ಉಳಿದದ್ದು ಯಾವುದಕ್ಕಾದರೂ ಆಗುತ್ತದೆ.

ಕಟ್ಟುವ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಮೇಲಿನ ತುದಿಯಲ್ಲಿ. ಮೇಲಿನ ಕೊಕ್ಕೆಗೇ ಹಗ್ಗ ಕಟ್ಟಿಬಿಡುತ್ತಾರೆ, ಕಣ್ಣಿಗೆ ಅದೇ ಸರಿ ಅನ್ನಿಸುತ್ತದೆ. ಎಳೆದಾಗ ಆ ಕೊಕ್ಕೆ ಒಂದು ಬದಿಗೆ ವಾಲುತ್ತದೆ. ವಾಲಿದ ಕೊಕ್ಕೆ ತಂತಿಯ ಮೇಲೆ ಜಾರುವುದಿಲ್ಲ, ಅಡ್ಡ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದಷ್ಟೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ. ಹಾಯಿಯ ನೆತ್ತಿಯಲ್ಲಿ ಒಂದು ಉಂಗುರ ಇದೆಯಲ್ಲ, ಹ್ಯಾಲ್ಯಾರ್ಡಿನ ಶ್ಯಾಕಲ್, ಅಂದರೆ ಜೋಡಿಸುವ ಲೋಹದ ಕೊಂಡಿ, ಹಾಕುವ ಜಾಗ, ಅಲ್ಲಿಗೆ ಕಟ್ಟಿ. ಬೋಲೈನ್, ಅಂದರೆ ಜಾರದ ಕುಣಿಕೆಯ ಗಂಟು, ಸಾಕು, ಕುಣಿಕೆ ಸಣ್ಣದಿರಲಿ. ಸ್ಟೀಲ್ ಕ್ಲಿಪ್ ಹಾಕಬೇಡಿ. ಬೇಗ ತೆಗೆದು ಹಾಕಬಹುದು ನಿಜ. ಆದರೆ ಹಾಯಿ ಪಟಪಟ ಬಡಿದುಕೊಳ್ಳುವಾಗ ಅದು ಎಲ್ಲಾದರೂ ಕಚ್ಚಿಕೊಳ್ಳುತ್ತದೆ.

ನೆತ್ತಿಯಿಂದ ಇಳಿದ ಹಗ್ಗವನ್ನು ಸುಮ್ನೆ ನೇತಾಡಲು ಬಿಡಬೇಡಿ. ಗಾಳಿಗೆ ಹೊರಕ್ಕೆ ಬಾಗಿ, ಹಾಯಿಯ ಹಿಂದಿನ ಮೂಲೆಯನ್ನು ಹಿಡಿದೆಳೆಯುವ ಶೀಟ್ ಹಗ್ಗಗಳಿಗೆ ಸುತ್ತಿಕೊಳ್ಳುತ್ತದೆ. ಕೊಕ್ಕೆಗಳ ಒಳಗಿಂದ ತಂತಿಯ ಜೊತೆಗೇ ಹಾಯಿಸಿ ತನ್ನಿ. ಎಲ್ಲ ಕೊಕ್ಕೆಗಳಲ್ಲೂ ಹಾಯಿಸುವ ಹುಮ್ಮಸ್ಸು ಬೇಡ, ಪ್ರತಿ ಕೊಕ್ಕೆಯೂ ಸ್ವಲ್ಪ ಸ್ವಲ್ಪ ಹಿಡಿಯುತ್ತದೆ. ಒಂದು ಬಿಟ್ಟು ಒಂದರಲ್ಲಿ ಸಾಕು. ಉದ್ದ ಹಾಯಿಯಾದರೆ ಎರಡು ಬಿಟ್ಟು ಒಂದರಲ್ಲಿ. ಕೊಕ್ಕೆಗಳು ಕಿಲುಬು ಹಿಡಿದಿದ್ದರೆ ಮೊದಲು ಉಜ್ಜಿ ತೊಳೆದು, ಮೇಣದ ಬತ್ತಿ ತಿಕ್ಕಿ. ಎಣ್ಣೆ ಹಾಕಬೇಡಿ. ಧೂಳು ಹಿಡಿಯುತ್ತದೆ, ಹಾಯಿಗೆ ಕಲೆ ಬೀಳುತ್ತದೆ.

ಮೂತಿಯ ರಾಟೆಗೆ ಬರೋಣ. ಬಾವಿ ರಾಟೆಯ ತಮ್ಮನಂಥ ಕಬ್ಬಿಣದ ರಾಟೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಚಕ್ರಕ್ಕೂ ಪಕ್ಕದ ತಗಡಿಗೂ ನಡುವೆ ಸಂದು ಇರುತ್ತದೆ. 5 ಮಿಲಿಮೀಟರ್ ಹಗ್ಗ ಅಲ್ಲಿಗೆ ಇಳಿದು ಸಿಕ್ಕಿಹಾಕಿಕೊಂಡರೆ ಮುಗಿಯಿತು. ದೋಣಿಗೆಂದೇ ಮಾಡಿದ ಸಣ್ಣ ರಾಟೆಯನ್ನು ಗೋವಾದಿಂದಲೋ ಮುಂಬೈಯಿಂದಲೋ ತರಿಸಿಕೊಳ್ಳಿ. ಸಿಗುವವರೆಗೆ ನಯವಾದ ಗಟ್ಟಿ ಸ್ಟೀಲ್ ಉಂಗುರವೂ ನಡೆಯುತ್ತದೆ, ಎಳೆಯುವುದು ಸ್ವಲ್ಪ ಭಾರ ಅನ್ನಿಸಬಹುದು. ಕಟ್ಟುವ ಜಾಗ ಮುಖ್ಯ. ಹಾಯಿಯ ಮುಂದಿನ ಕೆಳಮೂಲೆ ಸಿಕ್ಕಿಸುವ ಕಡೆಯೇ, ಎಲ್ಲಕ್ಕಿಂತ ಕೆಳಗಿನ ಕೊಕ್ಕೆಗಿಂತ ತಗ್ಗಿನಲ್ಲಿ ರಾಟೆ ಇರಬೇಕು. ಹಾಯಿ ಇಳಿದಾಗ ಕೊಕ್ಕೆಗಳು ಒಂದರ ಮೇಲೊಂದು ಕೂರುತ್ತವೆ. ರಾಟೆ ಮೇಲಿದ್ದರೆ ನೆತ್ತಿ ಅಷ್ಟಕ್ಕೇ ನಿಲ್ಲುತ್ತದೆ, ಉಳಿದ ಬಟ್ಟೆ ಗಾಳಿಗೆ ಮತ್ತೆ ಉಬ್ಬುತ್ತದೆ.

ಕ್ಲೀಟ್ ಎಲ್ಲಿಡಬೇಕು ಅನ್ನುವುದರ ಮೇಲೆ ನಾನು ಮುಂಬೈಯಲ್ಲಿ ಹಾಯಿ ಹೊಲಿಯುತ್ತಿದ್ದ ಕಾಲದಿಂದ ಜಗಳ ನೋಡಿದ್ದೇನೆ. ಡೆಕ್ಕಿನ ಬಲ ಅಂಚಿನಲ್ಲಿ ಇಡಿ ಅನ್ನುವವರೇ ಜಾಸ್ತಿ. ದೊಡ್ಡ ದೋಣಿಗೆ ಅದು ಸರಿ. ನಿಮ್ಮದು ಸಣ್ಣ ದೋಣಿ. ನೀವು ಗಾಳಿ ಬರುವ ಕಡೆಯ ಅಂಚಿನಲ್ಲಿ ಕೂತು ದೋಣಿಯನ್ನು ಸಮ ಮಾಡುತ್ತೀರಿ. ಗಾಳಿ ಬಲದಿಂದ ಬಂದರೆ ಬಲಕ್ಕೆ, ಎಡದಿಂದ ಬಂದರೆ ಎಡಕ್ಕೆ. ಎಡಕ್ಕೆ ಕೂತಿರುವಾಗ ಬಲ ಅಂಚಿನ ಕ್ಲೀಟ್‌ಗೆ ಕೈ ಚಾಚಿದರೆ ದೋಣಿ ಆ ಕಡೆಗೇ ವಾಲುತ್ತದೆ, ಅದೂ ಗಾಳಿ ಜೋರಿರುವ ಹೊತ್ತಿನಲ್ಲಿ. ಆದ್ದರಿಂದ ನನ್ನ ಮತ ನಡುವಿಗೆ. ಕಂಬದ ಹಿಂದೆ, ಎರಡೂ ಕಡೆಯಿಂದ ಕೈಗೆಟುಕುವಂತೆ, ಹ್ಯಾಲ್ಯಾರ್ಡ್ ಕ್ಲೀಟಿನ ಪಕ್ಕದಲ್ಲೇ ಡೌನ್‌ಹಾಲಿನ ಕ್ಲೀಟ್. ಒಂದನ್ನು ಬಿಚ್ಚಿದ ಕೈ ಇನ್ನೊಂದನ್ನು ಎಳೆಯಬೇಕು, ಅಷ್ಟು ಹತ್ತಿರ. ಹಗ್ಗ ಡೆಕ್ಕಿನ ಮೇಲೆ ಬರುವ ದಾರಿಯಲ್ಲಿ ಒಂದೆರಡು ಉಂಗುರ ಸ್ಕ್ರೂ ಮಾಡಿ, ಕಾಲಿಗೆ ತೊಡರದಿರಲಿ. ಸ್ಕ್ರೂ ತೂತಿಗೆ ಸೀಲಂಟ್ ತುಂಬುವುದನ್ನು ಮರೆಯಬೇಡಿ. ಮಲೆನಾಡಿನ ಮಳೆಗೆ ಒಂದು ತೂತು ಸಾಕು, ಒಳಗಿನ ಪ್ಲೈವುಡ್ ಕೊಳೆಯಲು.

ಹ್ಯಾಲ್ಯಾರ್ಡಿನ ತುದಿ ಮತ್ತು ಡೌನ್‌ಹಾಲಿನ ತುದಿ ಎರಡನ್ನೂ ಸೇರಿಸಿ ಕಟ್ಟಿ, ಒಂದೇ ಸುತ್ತು ಹಗ್ಗ ಮಾಡಿಕೊಳ್ಳುವವರೂ ಇದ್ದಾರೆ. ಒಂದು ಕಡೆ ಎಳೆದರೆ ಏರುತ್ತದೆ, ಇನ್ನೊಂದು ಕಡೆ ಎಳೆದರೆ ಇಳಿಯುತ್ತದೆ. ನೋಡಲು ಚಂದ. ಒಂದು ಕಡೆ ಸಿಕ್ಕಿಕೊಂಡರೆ ಎರಡೂ ನಿಂತವು. ನನಗೆ ಇಷ್ಟವಿಲ್ಲ.

ಕಟ್ಟಿಯಾದ ಮೇಲೆ ನೀರಿಗೆ ಇಳಿಸುವ ಮೊದಲು ದಡದಲ್ಲೇ, ಗಾಳಿಗೆ ಮೂತಿ ಮಾಡಿ ನಿಲ್ಲಿಸಿ ಏರಿಸಿ ಇಳಿಸಿ ನೋಡಿ. ಮಗಳೂ ಮಾಡಲಿ. ಏರಿಸುವಾಗ ಡೌನ್‌ಹಾಲ್ ಕ್ಲೀಟಿನಿಂದ ಬಿಟ್ಟಿರಬೇಕು. ಇದನ್ನು ಮರೆತು ಹಾಯಿ ಏರುತ್ತಿಲ್ಲ ಅಂತ ಹ್ಯಾಲ್ಯಾರ್ಡನ್ನು ಜಗ್ಗುವುದು ಹೊಸಬರು ತಪ್ಪದೇ ಮಾಡುವ ಕೆಲಸ. ಹಾಯಿ ಏರಿದ ಮೇಲೆ ಡೌನ್‌ಹಾಲಿನಲ್ಲಿ ಒಂದು ಗೇಣು ಸಡಿಲ ಇರಲಿ. ಬಿಗಿ ಕಟ್ಟಿದರೆ ನೆತ್ತಿಯನ್ನು ಕೆಳಗೆ ಎಳೆದು ಹಾಯಿಯ ಮುಂದಿನ ಅಂಚು ಸುಕ್ಕಾಗುತ್ತದೆ. ಸುಕ್ಕಾದ ಜಿಬ್ ಗಾಳಿಗೆ ಎದುರಾಗಿ ಹೋಗಲು ಒದ್ದಾಡುತ್ತದೆ.

ಇಳಿಸುವಾಗ ಜಿಬ್ಬಿನ ಶೀಟ್ ಸಡಿಲ ಮಾಡಿ, ಪೂರ್ತಿ ಬಿಟ್ಟುಬಿಡಬೇಡಿ. ಪೂರ್ತಿ ಬಿಟ್ಟರೆ ಇಳಿಯುವ ಬಟ್ಟೆ ನೀರಿಗೆ ಬೀಳುತ್ತದೆ. ದೋಣಿಯ ಮೂತಿಯನ್ನು ಗಾಳಿಯತ್ತ ತಿರುಗಿಸಿ. ಹಾಯಿ ಫಟಫಟ ಅನ್ನತೊಡಗಿದರೆ ಅದರ ಮೇಲೆ ಒತ್ತಡ ಇಲ್ಲ ಎಂದರ್ಥ. ಹ್ಯಾಲ್ಯಾರ್ಡ್ ಬಿಡಿ, ಡೌನ್‌ಹಾಲನ್ನು ಕೈ ಮೇಲೆ ಕೈ ಇಟ್ಟು ಎಳೆಯಿರಿ. ನೆತ್ತಿ ಕೆಳಗೆ ಬಂದ ಕೂಡಲೇ ಕ್ಲೀಟ್‌ಗೆ ಹಾಕಿ, ಶೀಟ್ ಬಿಗಿ ಮಾಡಿ. ಕ್ಲೀಟ್‌ಗೆ ಹಾಕದೆ ಬಿಟ್ಟ ಹಾಯಿ ಗಾಳಿಗೆ ತಾನೇ ತಂತಿ ಹತ್ತುತ್ತದೆ. ಸಾವಕಾಶ ಇದ್ದರೆ, ಗಾಳಿಯೂ ಮೆತ್ತಗಿದ್ದರೆ, ಗಾಳಿಗೆ ಬೆನ್ನು ಮಾಡಿ ಹಿಂದಿನ ಮೇನ್ ಹಾಯಿಯ ಮರೆಯಲ್ಲಿ ಇಳಿಸುವುದು ಇನ್ನೂ ಸಲೀಸು. ಜೋರು ಗಾಳಿಯಲ್ಲಿ ಮಾತ್ರ ಅದು ಬೇಡ. ಸಣ್ಣ ದೋಣಿ ಓಟ ಕಿತ್ತುಬಿಡುತ್ತದೆ.

ಜಿಬ್ ಇಳಿದ ಮೇಲೆ ದೋಣಿಯ ಗುಣ ಬದಲಾಗುತ್ತದೆ ಅನ್ನುವುದೂ ಗೊತ್ತಿರಲಿ. ಹಿಂದಿನ ಹಾಯಿ ಒಂದೇ ಉಳಿದರೆ ಮೂತಿ ಗಾಳಿಯತ್ತ ಎಳೆಯುತ್ತಿರುತ್ತದೆ. ದಿಕ್ಕು ಬದಲಿಸುವಾಗ ನಡುವೆ ಸಿಕ್ಕಿ ನಿಂತುಬಿಡಬಹುದು. ಸ್ವಲ್ಪ ವೇಗ ಹಿಡಿದ ಮೇಲೇ ತಿರುಗಿಸಿ.

ಶರಾವತಿ ಹಿನ್ನೀರು ಅಂದಿರಿ, ಅದಕ್ಕೇ ಇಷ್ಟು ಉದ್ದ ಬರೆದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಕಾಡು, ತೋಟ, ಊರು ಎಲ್ಲದರ ಮೇಲೂ ನೀರು ನಿಂತಿತು. ನಮ್ಮಜ್ಜನ ತೋಟವೂ ಅದರೊಳಗೇ ಇದೆ. ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಗೆ ನೀರು ಇಳಿಯುತ್ತ ಹೋದ ಹಾಗೆ ಒಣ ಮರದ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಇನ್ನೂ ಇಳಿದರೆ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೂ ಕಾಣುತ್ತದೆ. ಕಂಡ ಬೊಡ್ಡೆಯಿಂದ ತೊಂದರೆ ಇಲ್ಲ. ನೀರಿನ ಕೆಳಗೆ ಒಂದು ಗೇಣು ಅಡಗಿರುವುದೇ ದೋಣಿಯ ಹೊಟ್ಟೆ ಸೀಳುವುದು. ಇಂಥ ಕಡೆ ಚುಕ್ಕಾಣಿಯಿಂದ ಕಣ್ಣು ತೆಗೆದು ಹಗ್ಗಕ್ಕಾಗಿ ಒದ್ದಾಡುವ ಹಾಗಿಲ್ಲ.

ಗಾಳಿಯೂ ಅಷ್ಟೆ. ಹಿಂದೆ ಗುಡ್ಡದ ನೆತ್ತಿಯಾಗಿದ್ದದ್ದು ಈಗ ನಡುಗಡ್ಡೆ. ಅದರ ಮರೆಯಲ್ಲಿ ಗಾಳಿಯೇ ಇರುವುದಿಲ್ಲ, ಮರೆ ದಾಟಿದ ಕೂಡಲೇ ಕಣಿವೆಯಿಂದ ಒಮ್ಮೆಲೇ ಬಡಿಯುತ್ತದೆ. ಮುಂದೆ ನೀರಿನ ಮೇಲೆ ಕಪ್ಪು ಸುಕ್ಕು ಓಡಿ ಬರುವುದು ಕಂಡರೆ ಅದೇ ಸೂಚನೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗಿನ ಮೋಡ ಕಟ್ಟಿದರೆ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಗುಡುಗು ಕೇಳಿದ ಮೇಲೆ ಜಿಬ್ ಇಳಿಸೋಣವಾ ಬೇಡವಾ ಅಂತ ಯೋಚನೆ ಮಾಡಬೇಡಿ. ಇಳಿಸಿ ದಡಕ್ಕೆ ಬನ್ನಿ. ನೀರಿನ ಮೇಲೆ ಎದ್ದು ನಿಂತಿರುವ ಅಲ್ಯೂಮಿನಿಯಂ ಕಂಬ ಸಿಡಿಲಿಗೆ ಇಷ್ಟ.

ಲೈಫ್ ಜಾಕೆಟ್ ಇಬ್ಬರೂ ಹಾಕಿಕೊಳ್ಳಿ. ಈಜು ಬರುತ್ತದೆ ಅನ್ನುವ ಮಾತು ನನ್ನ ಹತ್ತಿರ ಬೇಡ. ಜಲಾಶಯ ವಿದ್ಯುತ್ ನಿಗಮದ್ದು, ಹಿನ್ನೀರಿನ ಕೆಲವು ಭಾಗ ಅಭಯಾರಣ್ಯಕ್ಕೆ ಸೇರಿದೆ. ಇಳಿಯುವ ಜಾಗಕ್ಕೆ ಅನುಮತಿ ಬೇಕಾ ಅಂತ ಎರಡೂ ಕಡೆ ಕೇಳಿಕೊಂಡೇ ಹೋಗಿ.

ಪ್ರಶ್ನೆ: ಡೌನ್‌ಹಾಲ್ ಬದಲು ಜಿಬ್ ಸುತ್ತಿಕೊಳ್ಳುವ ಫರ್ಲರ್ ಹಾಕಿಸಿದರೆ ಒಳ್ಳೆಯದಲ್ವಾ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ದುಡ್ಡಿದ್ದರೆ ಹಾಕಿಸಿ. ಒಂದು ಹಗ್ಗ ಎಳೆದರೆ ಹಾಯಿ ಚಾಪೆ ಸುರುಳಿಯಾಗಿ ನಿಲ್ಲುತ್ತದೆ, ಆರಾಮ. ಆದರೆ ಹಳೇ ಕೊಕ್ಕೆ ಹಾಯಿ ಇದ್ದ ಹಾಗೇ ಎಲ್ಲ ಫರ್ಲರಿಗೂ ಆಗುವುದಿಲ್ಲ, ಅಂಚು ಬಿಚ್ಚಿ ಹೊಸದಾಗಿ ಹೊಲಿಸಬೇಕಾಗಬಹುದು. ಅರ್ಧ ಸುತ್ತಿ ಓಡಿಸಿದರೆ ಹಾಯಿಯ ಆಕಾರ ಕೆಡುತ್ತದೆ. ಡ್ರಮ್ಮಿನಲ್ಲಿ ಹಗ್ಗ ಒಂದರ ಮೇಲೊಂದು ಸಿಕ್ಕಿಕೊಂಡರೆ ಬಿಡಿಸಲು ಹೋಗಬೇಕಾದ್ದು ಮತ್ತೆ ಮೂತಿಗೇ. ಸಣ್ಣ ದೋಣಿಗೆ, ಅದರಲ್ಲೂ ಕೊಕ್ಕೆ ಹಾಯಿ ಚೆನ್ನಾಗಿದ್ದರೆ, ಡೌನ್‌ಹಾಲ್ ಸಾಕು.

ಪ್ರಶ್ನೆ: ನಮ್ಮದು ಕೊಕ್ಕೆಯೇ ಇಲ್ಲದ ಜಿಬ್. ಅಂಚಿನೊಳಗೇ ತಂತಿ ಇದೆ. ಅದಕ್ಕೂ ಹೀಗೇ ಕಟ್ಟಬಹುದಾ? (ಸಾಗರದ ಓದುಗರು)

ಉತ್ತರ: ಸ್ವಲ್ಪ ತಡೆಯಿರಿ. ಅಂಥ ಎಷ್ಟೋ ದೋಣಿಗಳಲ್ಲಿ ಕಂಬವನ್ನು ಮುಂದಕ್ಕೆ ಹಿಡಿದಿರುವುದು ಜಿಬ್ಬಿನ ಆ ತಂತಿಯೇ. ನೀರಿನ ಮೇಲೆ ಹ್ಯಾಲ್ಯಾರ್ಡ್ ಬಿಟ್ಟರೆ ಕಂಬ ಹಿಂದಕ್ಕೆ ಬೀಳಬಹುದು. ಮುಂದೆ ಬೇರೆ ಸ್ಟೇ ತಂತಿ ಇದೆಯಾ, ಅದು ಗಟ್ಟಿಯಾಗಿ ಕಟ್ಟಿದೆಯಾ ನೋಡಿ. ಇದ್ದರೆ ಕಟ್ಟಬಹುದು, ಆದರೆ ಹಗ್ಗಕ್ಕೆ ದಾರಿ ತೋರಿಸಲು ಕೊಕ್ಕೆಗಳಿಲ್ಲ. ಹಾಯಿ ದೋಣಿಯ ಪಕ್ಕಕ್ಕೆ ಬೀಳುವುದೇ ಜಾಸ್ತಿ. ಬೇರೆ ಸ್ಟೇ ತಂತಿ ಇಲ್ಲದಿದ್ದರೆ ಈ ವಿಚಾರ ಬಿಟ್ಟುಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಮಡಿಸಿಟ್ಟ ಹಾಯಿಗೆ ಬೂಷ್ಟು ಹಿಡಿದಿದೆ. ಬಟ್ಟೆ ಹಾಳಾಯಿತಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಡೇಕ್ರಾನ್ ಬಟ್ಟೆಯಾದರೆ ಹಾಳಾಗಿಲ್ಲ. ಅದು ಪಾಲಿಯೆಸ್ಟರ್, ಬೂಷ್ಟು ಅದನ್ನು ತಿನ್ನುವುದಿಲ್ಲ, ಕಲೆ ಮಾತ್ರ ಉಳಿಸುತ್ತದೆ. ಮೆತ್ತನೆ ಬ್ರಷ್ಷು, ಸೋಪಿನ ನೀರು, ಆಮೇಲೆ ಧಾರಾಳ ಸಿಹಿನೀರು. ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಬಟ್ಟೆಯ ಬಿರುಸು ಹೋಗುತ್ತದೆ. ಒಣಗಿಸಲು ಗಾಳಿಯಲ್ಲಿ ಬಾವುಟದ ಹಾಗೆ ಹಾರಿಸಬೇಡಿ, ಬಡಿದು ಬಡಿದು ಹೊಲಿಗೆ ಬಿಡುತ್ತದೆ. ಜಗಲಿಯ ನೆರಳಿನಲ್ಲಿ ಹರಡಿ. ಅಡಿಕೆ ಒಣಗಿಸುವ ಚಾಪೆಯ ಮೇಲೆ ಮಾತ್ರ ಹರಡಬೇಡಿ, ಚೊಗರಿನ ಕಲೆ ಬಿಳಿ ಹಾಯಿಗೆ ಹಿಡಿದರೆ ಮತ್ತೆ ಬಿಡುವುದಿಲ್ಲ. ಪೂರ್ತಿ ಒಣಗಿದ ಮೇಲೆ ಸುರುಳಿ ಸುತ್ತಿ, ಇಲಿ ಬಾರದ ಕಡೆ ಅಟ್ಟದಲ್ಲಿಡಿ. ಮಳೆಗಾಲದ ನಡುವೆ ಒಂದೆರಡು ಸಲ ತೆಗೆದು ಬಿಚ್ಚಿ ನೋಡಿ. ಡೌನ್‌ಹಾಲ್ ಹಗ್ಗವನ್ನೂ ಆಗಲೇ ತೊಳೆದು ಒಣಗಿಸಿ, ಮಣ್ಣು ತಿಂದ ಹಗ್ಗ ಕೊಕ್ಕೆಯಲ್ಲಿ ಜಾರುವುದಿಲ್ಲ.